ಕಡೇ ಬೆಂಚಿನವರಿಗೆ

1
ಫೋಟೊದಲ್ಲಿ ಕಾಣ್ತಿರೋದು ನಮ್ಮ ಹಾಸ್ಟೆಲ್ ರೂಮಿನ ಬಾಗಿಲು. ಐದು ಜೊತೆ ಚಪ್ಪಲಿ, ಒಳಗೆ ಒಂದು ಚಾಪೆ, ಚಾಪೆ ಮೇಲೆ ಸ್ಟೀಲ್ ಡಬ್ಬ. ಯಾರ ಮುಖವೂ ಇಲ್ಲ, ಬೇಕಂತಲೇ. ಕಳೆದ ವಾರ ಇದನ್ನು ಸ್ಟೋರಿಗೆ ಹಾಕಿದಾಗ ತುಂಬ ಜನ ಕೇಳಿದ್ರಿ, "ಎಂತ ಮಾರಾಯ, ಬರ್ತ್‌ಡೇಯಾ?" ಅಂತ. ಬರ್ತ್‌ಡೇ ಅಲ್ಲ. ಗುರುವಾರ ಸಂಜೆ ನಾವು ಐದು ಜನ ಸೇರಿ ಬೈಬಲ್ ಓದ್ತೇವೆ, ಒಬ್ಬೊಬ್ಬರ ವಾರ ಹೇಗೆ ಹೋಯ್ತು ಅಂತ ಕೇಳ್ತೇವೆ, ಚಕ್ಕುಲಿ ತಿಂತೇವೆ. ಒಂದು ಗಂಟೆ, ಅಷ್ಟೆ.

ಇದನ್ನು ಬರೆಯೋದು ಮುಖ್ಯವಾಗಿ ಮಿಜಾರಿನಲ್ಲಿ ನನ್ನ ಜೊತೆ ಓದ್ತಿರೋ ಕ್ರಿಶ್ಚಿಯನ್ ಹುಡುಗ ಹುಡುಗಿಯರಿಗೆ. ಉಳಿದವರೂ ಓದಿ, ಬೇಡ ಅಂತಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ನೀನು ಭಾನುವಾರ ಮಾತ್ರ ಚರ್ಚಿಗೆ ಹೋಗಿ, ಕಡೇ ಬೆಂಚಿನಲ್ಲಿ ಕೂತು, ಕಡೇ ಹಾಡು ಶುರು ಆಗೋ ಮೊದಲೇ ಬಸ್ಸಿಗೆ ಓಡೋನಾದ್ರೆ ನಿನಗೆ ಇನ್ನೊಂದು ಬೇಕು. ಸಣ್ಣದೊಂದು ಕೂಟ. ನೀನು ಬಾರದ ದಿನ ನಿನ್ನ ಜಾಗ ಖಾಲಿ ಅಂತ ಕಾಣುವಷ್ಟು ಸಣ್ಣದು.

2
ಇದನ್ನು ನಾನು ಯಾರ ಪ್ರಸಂಗದಿಂದಲೂ ಕಲಿತದ್ದಲ್ಲ.

ಫಸ್ಟ್ ಇಯರಿನಲ್ಲಿ ನಾನು ಪ್ರತಿ ಭಾನುವಾರ ಪೂಜೆಗೆ ಹೋಗ್ತಿದ್ದೆ. ಹಾಸ್ಟೆಲಿನಿಂದ ಹೈವೇಗೆ ಇಳಿದು, ಸಿಕ್ಕಿದ ಬಸ್ ಹತ್ತಿ. ಯಾವ ಚರ್ಚ್ ಅಂತ ಬೇಡ, ಅದರ ತಪ್ಪಲ್ಲ. ದೊಡ್ಡ ಚರ್ಚ್, ಒಳ್ಳೆ ಕ್ವಯರ್, ಜನ ತುಂಬಿರ್ತಿದ್ರು. ನಾನು ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ನಿಲ್ಲೋದು. ಆ ಕಂಬದ ಬಣ್ಣ ಎಲ್ಲೆಲ್ಲಿ ಎದ್ದಿದೆ ಅಂತ ಇವತ್ತಿಗೂ ಹೇಳಬಲ್ಲೆ.

ಆ ವರ್ಷ ಅಪ್ಪನಿಗೆ ಮಂಗಳೂರಿನಲ್ಲಿ ಆಪರೇಶನ್ ಆಯ್ತು. ಹಿಂದಿನ ದಿನ ಭಾನುವಾರ. ಇಂಟರ್ನಲ್ಸ್ ಇತ್ತು ಅಂತ ಮನೆಯವರು "ನೀನು ಬರೋದು ಬೇಡ" ಅಂದಿದ್ರು. ಪೂಜೆಯಲ್ಲಿ ಶಾಂತಿ ಕೋರುವ ಹೊತ್ತು ಬರ್ತದಲ್ಲ, ಎಡಕ್ಕೆ ತಿರುಗಿ ಕೈ ಮುಗಿದೆ, ಬಲಕ್ಕೆ ತಿರುಗಿ ಕೈ ಮುಗಿದೆ. ಇಬ್ಬರೂ ನಕ್ಕರು, ನಾನೂ ನಕ್ಕೆ. ನನ್ನ ಗಂಟಲು ಕಟ್ಟಿ ಹೋಗಿತ್ತು. ಅವರಿಗೆ ಅದು ಗೊತ್ತಾಗ್ಲಿಕ್ಕೆ ದಾರಿಯೇ ಇರಲಿಲ್ಲ. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಲೆಕ್ಕ ಹಾಕಿದೆ. ಸುಮಾರು ನಾಲ್ಕು ತಿಂಗಳು ಅಲ್ಲಿಗೆ ಹೋಗಿದ್ದೇನೆ, ನನ್ನ ಹೆಸರು ಕೇಳಿದವರು ಒಬ್ಬರೂ ಇಲ್ಲ. ನಾನೂ ಯಾರ ಹೆಸರನ್ನೂ ಕೇಳಿರಲಿಲ್ಲ, ಅದೂ ನಿಜ.

ಸಿಟ್ಟು ಬಂತು. ಇನ್ನು ಬರೋದೇ ಬೇಡ ಅಂತ ಅನ್ನಿಸ್ತು. ಮುಂದಿನ ಕೆಲವು ಭಾನುವಾರ ಹೋಗಲೂ ಇಲ್ಲ. ಯಾರಿಗೂ ಗೊತ್ತಾಗಲಿಲ್ಲ ಅಂತ ಬೇರೆ ಹೇಳಬೇಕಾ?

3
ಈಗ ಇನ್ನೊಂದು ಪಕ್ಕ ಕೇಳು.

ನಮ್ಮ ಮನೆ ಬೆಳ್ತಂಗಡಿ ತಾಲೂಕಿನಲ್ಲಿ. ಊರಿನ ಕಥೊಲಿಕರಿಗೆ ಗೊತ್ತಿರ್ತದೆ, ನಮ್ಮಲ್ಲಿ ಚರ್ಚನ್ನು ವಾರ್ಡ್‌ಗಳಾಗಿ ಹಂಚಿರ್ತಾರೆ. ಕೊಂಕಣಿಯಲ್ಲಿ ವಾಡೊ. ಒಂದೊಂದು ವಾಡೊಗೆ ಒಬ್ಬ ಗುರ್ಕಾರ. ತಿಂಗಳಿಗೊಮ್ಮೆ ಯಾರದ್ದಾದ್ರೂ ಮನೆ ಅಂಗಳದಲ್ಲಿ ಮೀಟಿಂಗ್. ಪ್ಲಾಸ್ಟಿಕ್ ಕುರ್ಚಿ, ಜಪಸರ, ಒಂದು ವಾಚನ, ಆಮೇಲೆ ಹಬ್ಬದ ವಂತಿಗೆ ಎಷ್ಟು ಅಂತ ಅರ್ಧ ಗಂಟೆ ಜಗಳ, ಆಮೇಲೆ ಚಾ. ಪಿಯುಸಿಯಲ್ಲಿ ನಾನು ಇದನ್ನು ಎಷ್ಟು ಗೇಲಿ ಮಾಡ್ತಿದ್ದೆ ಅಂದ್ರೆ, ಅಂಕಲ್‌ಗಳ ಮಿಮಿಕ್ರಿ ಮಾಡಿ ಕಸಿನ್ಸ್ ಗ್ರೂಪಿಗೆ ವಿಡಿಯೋ ಹಾಕ್ತಿದ್ದೆ.

ಅಪ್ಪ ಆಸ್ಪತ್ರೆಯಲ್ಲಿದ್ದ ಒಂಬತ್ತು ರಾತ್ರಿಯಲ್ಲಿ ನಾಲ್ಕು ರಾತ್ರಿ ಅವರ ಹತ್ತಿರ ಮಲಗಿದ್ದು ಆ ಪ್ಲಾಸ್ಟಿಕ್ ಕುರ್ಚಿಯವರೇ. ನಾನು ಮಿಮಿಕ್ರಿ ಮಾಡಿದ ಅಂಕಲ್ ಒಬ್ಬರು ಎರಡು ರಾತ್ರಿ. ನಮ್ಮ ಹಸುವಿನ ಹಾಲು ಕರೆದು ಡೈರಿಗೆ ಕೊಟ್ಟದ್ದು ಪಕ್ಕದ ಮನೆಯ ಬಾಯಮ್ಮ. ಯಾರೂ ಮೀಟಿಂಗ್ ಕರೆದು ಇದನ್ನು ತೀರ್ಮಾನ ಮಾಡಿದ್ದಲ್ಲ. ತಿಂಗಳಿಗೊಮ್ಮೆ ಒಬ್ಬರ ಮುಖ ಒಬ್ಬರು ನೋಡಿ ಚಾ ಕುಡಿದವರಿಗೆ ಯಾರ ಮನೆಯಲ್ಲಿ ಹಸು ಉಂಟು, ಯಾರ ಮಗ ಹಾಸ್ಟೆಲಿನಲ್ಲಿದ್ದಾನೆ ಅಂತ ಗೊತ್ತಿತ್ತು. ಅಮ್ಮ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ನನಗೆ ಆ ವಿಡಿಯೋದ್ದೇ ಚಿಂತೆ. ಡಿಲೀಟ್ ಮಾಡಿದೆ. ಗ್ರೂಪಿನಲ್ಲಿ ಎಲ್ಲರೂ ನೋಡಿ ಆಗಿತ್ತು, ಬಿಡಿ.

ಕ್ರಿಶ್ಚಿಯನ್ ಅಲ್ಲದ ಫ್ರೆಂಡ್ಸ್, ಇದು ನಿಮಗೂ ಹೊಸತಲ್ಲ. ನಿಮ್ಮ ಊರಿನ ಭಜನಾ ಮಂಡಳಿ ನೆನಪು ಮಾಡ್ಕೊಳ್ಳಿ. ಇಲ್ಲದಿದ್ರೆ ನಮ್ಮ ಬೆಳ್ತಂಗಡಿಯ ಪ್ರಗತಿಬಂಧು ಸಂಘ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರು ಆದದ್ದು. ಅದರ ಪ್ರಗತಿಬಂಧು ಗುಂಪಿನಲ್ಲಿ ಐದರಿಂದ ಎಂಟು ಸಣ್ಣ ರೈತರು, ವಾರಕ್ಕೊಂದು ದಿನ ಸರದಿಯಲ್ಲಿ ಒಬ್ಬರ ಗದ್ದೆ ತೋಟದಲ್ಲಿ ಎಲ್ಲರೂ ದುಡಿಯೋದು. ಐವತ್ತು ಜನ ಇದ್ರೆ ಸರದಿ ಬರ್ಲಿಕ್ಕೆ ವರ್ಷ ಬೇಕು. ಲೆಕ್ಕ ಎಷ್ಟು ಸುಲಭ ನೋಡಿ.

4
"ಇದೆಲ್ಲ ಅಮೆರಿಕದ ಸೆಲ್ ಗ್ರೂಪ್ ಫ್ಯಾಶನ್" ಅಂತ ಒಬ್ಬ ಕಮೆಂಟ್ ಹಾಕಿದ್ದ. ಬಾ, ಕೂತ್ಕೊ.

ಪೌಲ ಒಮ್ಮೆ ತ್ರೋವ ಅನ್ನೋ ಊರಿನಲ್ಲಿ ಮಧ್ಯರಾತ್ರಿವರೆಗೆ ಮಾತಾಡಿದ. ಮೂರನೇ ಅಂತಸ್ತು, ತುಂಬ ದೀಪ, ಕಿಟಕಿಯಲ್ಲಿ ಕೂತಿದ್ದ ಯೂತಿಕ ಅನ್ನೋ ಹುಡುಗ ತೂಕಡಿಸಿ ಕೆಳಗೆ ಬಿದ್ದ. ಅಪೊಸ್ತಲರ ಕೃತ್ಯಗಳು, 20ನೇ ಅಧ್ಯಾಯ. ಬೈಬಲಿನ ಮೊದಲ ಬ್ಯಾಕ್‌ಬೆಂಚರ್ ಇವನೇ ಅಂತ ನನ್ನ ಲೆಕ್ಕ. ಪ್ರಸಂಗ ನಿಂತಿತು, ಪೌಲ ಕೆಳಗೆ ಇಳಿದು ಹೋಗಿ ಅವನನ್ನು ತಬ್ಬಿಕೊಂಡ, ಹುಡುಗ ಬದುಕಿದ. ಆಮೇಲೆ ಎಲ್ಲರೂ ಊಟ ಮಾಡಿ ಬೆಳಗಿನವರೆಗೆ ಮಾತಾಡಿದ್ರು. ಅದು ಒಂದು ಮನೆಯ ಕೋಣೆ ಮಾರಾಯ. ಒಬ್ಬ ಬಿದ್ರೆ ಎಲ್ಲರಿಗೂ ಗೊತ್ತಾಗುವಷ್ಟೇ ದೊಡ್ಡದು.

ಸಿಎಸ್‌ಐಯವರಿಗೆ ಒಂದು ವಿಷಯ. ನಿಮ್ಮ ಬೇರು ಬಾಸೆಲ್ ಮಿಶನ್, 1834ರಲ್ಲಿ ಮಂಗಳೂರಿಗೆ ಬಂದದ್ದು. ಆ ಮಿಶನರಿಗಳಲ್ಲಿ ಎಷ್ಟೋ ಜನ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯವರು. ಅಲ್ಲಿನ ಭಕ್ತರು ಚರ್ಚಿನ ಆರಾಧನೆ ಬಿಟ್ಟು ಬೇರೆ ಹೊತ್ತಿನಲ್ಲಿ ಮನೆಗಳಲ್ಲಿ ಸೇರಿ ಬೈಬಲ್ ಓದ್ತಿದ್ರು. ಅದಕ್ಕೆ ಅವರಿಟ್ಟ ಹೆಸರು "ಷ್ಟುಂಡೆ", ಅಂದ್ರೆ ಒಂದು ಗಂಟೆ. ಮೊದಲು ಮೇಲಿನವರಿಗೆ ಇದು ಅನುಮಾನದ ವಿಷಯ. 1743ರಲ್ಲಿ ಸರಕಾರವೇ ಕೆಲವು ನಿಯಮ ಹಾಕಿ ಒಪ್ಪಿಕೊಂಡಿತು. ಸರಿಯಾಗಿ ನೂರು ವರ್ಷದ ಮೇಲೆ, 1843ರಲ್ಲಿ, ಅದೇ ಸೀಮೆಯ ಹರ್ಮನ್ ಮೋಗ್ಲಿಂಗ್ ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ತಂದದ್ದು. ಕನ್ನಡ ಪತ್ರಿಕೆಯ ಮೇಷ್ಟ್ರು ಅಂತ ಕ್ವಿಜ್‌ನಲ್ಲಿ ಮೋಗ್ಲಿಂಗ್ ಹೆಸರು ಬರೀತೀವಿ, ಅವರು ಬೆಳೆದ ಸೀಮೆಯ ಈ ಒಂದು ಗಂಟೆ ನೆನಪಾಗೋದಿಲ್ಲ.

ನನಗೆ ತುಂಬ ಇಷ್ಟದ್ದು ಜಾನ್ ವೆಸ್ಲಿಯ ಕತೆ. 1742, ಇಂಗ್ಲೆಂಡಿನ ಬ್ರಿಸ್ಟಲ್. ಕಟ್ಟಡದ ಸಾಲ ತೀರಿಸಬೇಕಿತ್ತು. ಒಬ್ಬ ಕ್ಯಾಪ್ಟನ್ ಎದ್ದು ಹೇಳಿದ: ಪ್ರತಿಯೊಬ್ಬ ವಾರಕ್ಕೆ ಒಂದು ಪೆನ್ನಿ ಕೊಡಲಿ, ನನಗೆ ಹನ್ನೊಂದು ಬಡವರನ್ನು ಒಪ್ಪಿಸಿ, ಅವರಿಗೆ ಆಗದಿದ್ರೆ ನಾನೇ ಹಾಕ್ತೇನೆ. ಹಾಗೆ ಒಬ್ಬೊಬ್ಬ ಹನ್ನೊಂದು ಜನರ ಮನೆ ಸುತ್ತಿದ. ಸುತ್ತುವಾಗ ಯಾರು ಕುಡಿತಾನೆ, ಯಾರ ಮನೆಯಲ್ಲಿ ಜಗಳ, ಯಾರಿಗೆ ಹುಷಾರಿಲ್ಲ ಎಲ್ಲ ಕಣ್ಣಿಗೆ ಬಿತ್ತು. ಪೆನ್ನಿಗೆ ಹೋದವರು ಜನರನ್ನು ನೋಡಿ ಬಂದ್ರು. ವೆಸ್ಲಿಗೆ ಆಗ ಹೊಳೀತು, ನಮಗೆ ಇಷ್ಟು ದಿನ ಬೇಕಿದ್ದದ್ದು ಇದೇ ಅಂತ. ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹಾಗೆ.

ಅಲ್ಲಿ ವಂತಿಗೆಯಿಂದ ಶುರು ಆದದ್ದು ಕಾಳಜಿ ಆಯ್ತು. ನಮ್ಮ ಕೆಲವು ವಾರ್ಡ್‌ಗಳಲ್ಲಿ ಕಾಳಜಿಯಿಂದ ಶುರು ಆದದ್ದು ವಂತಿಗೆ ಆಗ್ತಾ ಉಂಟು. ಇದನ್ನು ಹೇಳಿದ್ದಕ್ಕೆ ಊರಿಗೆ ಹೋದಾಗ ನನಗೆ ಬೈಗುಳ ಗ್ಯಾರಂಟಿ, ಆದ್ರೂ ಇರಲಿ.

5
ಈಗ ನಿನ್ನ ಆಕ್ಷೇಪಗಳು. ಡಿಎಂನಲ್ಲಿ ಬಂದದ್ದರಲ್ಲಿ "ಬೋರ್" ಅನ್ನೋದಕ್ಕೆ ಉತ್ತರ ಕೊಡೋದಿಲ್ಲ. ಎಂಜಿನಿಯರಿಂಗ್ ಮ್ಯಾತ್ಸ್ ಬೋರ್ ಇಲ್ವಾ, ಕೂರೋದಿಲ್ವಾ?

"ಅಲ್ಲಿ ಹೇಳಿದ್ದು ಹೊರಗೆ ಹೋಗ್ತದೆ" ಅಂತ ಒಬ್ಬಳು ಬರೆದಿದ್ದಳು. ಇದು ಗಟ್ಟಿ ಆಕ್ಷೇಪ. ನನಗೇ ಆಗಿದೆ. ಬೇರೆ ಒಂದು ಕೂಟದಲ್ಲಿ ಬ್ಯಾಕ್‌ಲಾಗ್ ವಿಷಯ, ಮನೆಯಲ್ಲಿ ಅದನ್ನು ಮುಚ್ಚಿಟ್ಟ ವಿಷಯ ಹೇಳಿದ್ದೆ. ಭಾನುವಾರ ಹೇಳಿದ್ದು ಬುಧವಾರದ ಹೊತ್ತಿಗೆ ನನ್ನ ಅಕ್ಕನ ಕಿವಿಗೆ. "ಅವನಿಗೋಸ್ಕರ ಪ್ರಾರ್ಥನೆ ಮಾಡಿ" ಅನ್ನೋ ರೂಪದಲ್ಲಿ ಹೋಗಿತ್ತು! ಗಾಸಿಪ್‌ಗೆ ನಾವು ಹಾಕುವ ಅತಿ ಚಂದದ ಅಂಗಿ ಅದು, ಪ್ರಾರ್ಥನಾ ವಿನಂತಿ. ಅಲ್ಲಿಗೆ ನಾನು ಮತ್ತೆ ಹೋಗಲಿಲ್ಲ, ಹೋಗಬೇಕಿತ್ತು ಅಂತ ಈಗಲೂ ಅನ್ನಿಸೋದಿಲ್ಲ. ಅದಕ್ಕೇ ನಮ್ಮ ರೂಮಿನ ಗುರುವಾರದಲ್ಲಿ ಮೊದಲ ದಿನವೇ ಒಂದು ಮಾತಾಯ್ತು: ಇಲ್ಲಿ ಕೇಳಿದ್ದನ್ನು ಹೇಳಿದವನ ಅಪ್ಪಣೆ ಇಲ್ಲದೆ ದೇವರಿಗೆ ಬಿಟ್ಟು ಯಾರಿಗೂ ಹೇಳೋ ಹಾಗಿಲ್ಲ.

ಇನ್ನೊಂದು, ಇದನ್ನು ಸೀರಿಯಸ್ಸಾಗಿ ಓದು. ಎಲ್ಲ ಸಣ್ಣ ಕೂಟವೂ ಒಳ್ಳೇದಲ್ಲ. ಲೀಡರ್ ಅನ್ನಿಸಿಕೊಂಡವನು ನಿನ್ನ ಫೋನ್ ನೋಡ್ತೇನೆ ಅಂದ್ರೆ, ಮನೆಯವರಿಗೆ ಹೇಳಬೇಡ ಅಂದ್ರೆ, ಡಾಕ್ಟರ ಮಾತ್ರೆ ನಿಲ್ಲಿಸಿ ಪ್ರಾರ್ಥನೆ ಮಾಡು ಅಂದ್ರೆ, ಬೇರೆ ಫ್ರೆಂಡ್ಸ್ ಬಿಡು ಅಂದ್ರೆ, ಎದ್ದು ಬಾ. ಚಪ್ಪಲಿ ಹಾಕ್ಕೊಳ್ಳಿಕ್ಕೂ ನಿಲ್ಲಬೇಡ. ಹುಷಾರಿಲ್ಲದವನಿಗೆ, ನಿದ್ದೆ ಇಲ್ಲದೆ ಸಾಯೋ ಯೋಚನೆ ಬರುವವನಿಗೆ ನಾವು ಐದು ಜನ ಸಾಕಾಗೋದಿಲ್ಲ. ಅಂಥವನನ್ನು ಕೈ ಹಿಡಿದು ಕೌನ್ಸೆಲರ ಹತ್ತಿರ ಕರ್ಕೊಂಡು ಹೋಗೋದೇ ನಮ್ಮ ಕೆಲಸ. ಆದ್ರೆ ಅದು ಯಾರಿಗಾದ್ರೂ ಗೊತ್ತಾಗಬೇಕಲ್ಲ? ಕಂಬಕ್ಕೆ ಒರಗಿ ನಿಂತವನ ಬಗ್ಗೆ ಹೇಗೆ ಗೊತ್ತಾಗ್ತದೆ?

"ನನಗೆ ನಂಬಿಕೆಯೇ ಅಷ್ಟು ಇಲ್ಲ" ಅಂದವರು ಇಬ್ಬರು. ನಮ್ಮ ಐವರಲ್ಲಿ ಒಬ್ಬನಿಗೆ ಇಲ್ಲ. ಅವನೇ ಅತಿ ಒಳ್ಳೆ ಪ್ರಶ್ನೆ ಕೇಳೋದು.

6
ಹೇಗೆ ಮಾಡೋದು ಅಂತ ಕೇಳಿದವರಿಗೆ. ನಾವು ಉಪಯೋಗಿಸೋದು ದಕ್ಷಿಣ ಆಫ್ರಿಕಾದ ಲುಂಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಯ ಕ್ರಮ. ಸಣ್ಣ ಕ್ರೈಸ್ತ ಸಮುದಾಯ ಅಂತ ನಡೆಸುವ ತುಂಬ ಕಡೆ ಇದೇ. ದೇವರನ್ನು ಕರೆದು ಕೂರೋದು, ಭಾಗವನ್ನು ಜೋರಾಗಿ ಓದೋದು. ಆಮೇಲೆ ಒಬ್ಬೊಬ್ಬರು ತಮಗೆ ತಾಗಿದ ಒಂದೆರಡು ಪದ ಮಾತ್ರ ಹೇಳೋದು. ವಿವರಣೆ ಇಲ್ಲ, ಪದ ಮಾತ್ರ. ಮತ್ತೆ ಮೌನ. ಮೊದಲ ವಾರ ಆ ಮೌನ ಸಾವು ಮಾರಾಯ, ಫ್ಯಾನಿನ ಕಿರಕಿರ ಬಿಟ್ಟು ಬೇರೆ ಏನೂ ಕೇಳೋದಿಲ್ಲ. ಈಗ ಅದೇ ಇಷ್ಟ. ಆಮೇಲೆ ಹಂಚಿಕೊಳ್ಳೋದು, ಆಮೇಲೆ ಈ ವಾರ ಎಂತ ಮಾಡೋದು ಅಂತ ಮಾತು, ಕಡೆಗೆ ಪ್ರಾರ್ಥನೆ. ಪಂಡಿತರು ಯಾರೂ ಬೇಡ. ಯಾರೂ ಭಾಷಣ ಮಾಡುವ ಹಾಗಿಲ್ಲ ಅನ್ನೋದೇ ಇದರ ಸುಖ.

ಆರನೇ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡ. ಜೋಸೆಫ್ ಕಾರ್ಡೈನ್ ಅಂತ ಬೆಲ್ಜಿಯಂನ ಪಾದ್ರಿ, ಯುವ ಕಾರ್ಮಿಕರ ಸಂಘಟನೆ ಕಟ್ಟಿದವರು. ಸೆಮಿನರಿಯಿಂದ ರಜೆಗೆ ಊರಿಗೆ ಬಂದಾಗ, ಫ್ಯಾಕ್ಟರಿಗೆ ಸೇರಿದ್ದ ಅವರ ಶಾಲೆಯ ಗೆಳೆಯರೇ ಅವರನ್ನು ಪರಕೀಯನ ಹಾಗೆ ನೋಡಿದ್ರಂತೆ. ಅದು ಅವರನ್ನು ಜನ್ಮವಿಡೀ ಬಿಡಲಿಲ್ಲ. ನೋಡು, ತೂಗು, ಮಾಡು ಅನ್ನೋ ಅವರ ಮೂರು ಮಾತನ್ನು ವೈಸಿಎಸ್‌ನಲ್ಲಿದ್ದವರು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿರ್ತೀರಿ. ನಮ್ಮ "ಮಾಡು" ತುಂಬ ಸಣ್ಣದು. ಒಂದು ವಾರ ಜ್ವರ ಬಂದ ಜೂನಿಯರ್‌ಗೆ ಮೆಸ್ಸಿನಿಂದ ಗಂಜಿ. ಇನ್ನೊಂದು ವಾರ ಊರು ಬಿಟ್ಟು ಮೊದಲ ಸಲ ಕ್ರಿಸ್ಮಸ್ ಮಾಡ್ತಿದ್ದ ಮಣಿಪುರದ ಹುಡುಗನನ್ನು ನಮ್ಮ ಮನೆಗೆ ಕರ್ಕೊಂಡು ಹೋದದ್ದು. ಅವನಿಗೆ ಕೊಂಕಣಿ ಬರೋದಿಲ್ಲ, ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ, ಇಬ್ಬರೂ ಸೇರಿ ಕುಲ್‌ಕುಲ್ ಮಾಡಿ ಮುಗಿಸಿದ್ರು.

ಭಾನುವಾರದ ಪೂಜೆಗೆ ನಾನು ಈಗಲೂ ಅದೇ ಚರ್ಚಿಗೆ ಹೋಗೋದು. ಕಂಬ ಬಿಟ್ಟು ಸ್ವಲ್ಪ ಮುಂದೆ ಬಂದಿದ್ದೇನೆ. ಪಕ್ಕದಲ್ಲಿ ನಿಲ್ಲುವವರ ಹೆಸರು ಕೇಳ್ತೇನೆ. ಮೊದಲು ಅವರಿಗೆ ವಿಚಿತ್ರ ಅನ್ನಿಸಿತ್ತು, ಈಗ ಒಬ್ಬರು ಬೈಕಿನಲ್ಲಿ ಡ್ರಾಪ್ ಕೊಡ್ತಾರೆ.

ಹುಡುಗಿಯರ ಹಾಸ್ಟೆಲಿನಲ್ಲಿ ಬೇರೆ ಕೂಟ ಶುರು ಮಾಡಬೇಕು ಅಂತ ಇಬ್ಬರು ಕೇಳಿದ್ದಾರೆ, ಅವರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸಿದ್ದೇನೆ, ಇನ್ನು ಇಬ್ಬರು ಸಿಕ್ಕಿದ್ರೆ ಸಾಕು. ನಮ್ಮಲ್ಲಿ ಐದು ಜನ ಇದ್ದೇವೆ, ಎಂಟಾದ್ರೆ ಎರಡು ಮಾಡ್ತೇವೆ. ಗುರುವಾರ ಸಂಜೆ ಏಳೂವರೆ, ಮೆಸ್ಸಿಗೆ ಮೊದಲು. ರೂಮ್ ನಂಬರ್ ಇಲ್ಲಿ ಹಾಕೋದಿಲ್ಲ, ಮೆಸೇಜ್ ಮಾಡು. ಅಮ್ಮ ಕಳಿಸಿದ ಚಕ್ಕುಲಿ ಮುಗಿದಿದೆ, ಬರುವವರು ಎಂತಾದ್ರೂ ತನ್ನಿ.

#ಮಿಜಾರು #ಕಡೇಬೆಂಚು #ಗುರುವಾರದಗಂಟೆ