ಪರದೇಶದ ಪ್ರಯಾಣವೂ ಒಂದೇ ಎಳೆಯ ಸಂಪರ್ಕವೂ

ವ್ಯಾಸಂಗಕ್ಕೆಂದು ಜರ್ಮನಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು, ಇಳಿದ ದಿನವೇ ಅಲ್ಲಿಯ ಸಿಮ್ ಒಂದನ್ನು ಕೊಂಡು, ಫೋನಿನಲ್ಲಿದ್ದ ಭಾರತದ ಸಿಮ್ಮನ್ನು ತೆಗೆದು ಎಲ್ಲಿಯೋ ಇಟ್ಟು ಕಳೆದುಕೊಂಡನು. ಮೂರು ದಿನಗಳ ಮೇಲೆ ಕೋಣೆಯ ಮುಂಗಡವನ್ನು ಇಲ್ಲಿಯ ಬ್ಯಾಂಕಿನ ಕಾರ್ಡಿನಿಂದ ಕೊಡಹೋದಾಗ, ಬ್ಯಾಂಕು ಒ.ಟಿ.ಪಿ.ಯನ್ನು ಕಳುಹಿಸಿದ್ದು ಆ ಹಳೆಯ ಸಿಮ್ಮಿನ ಸಂಖ್ಯೆಗೆ. ಕೈಯಲ್ಲಿ ಒಳ್ಳೆಯ ಫೋನು, ಲ್ಯಾಪ್‌ಟಾಪು ಎರಡೂ ಇದ್ದವು. ಖಾತೆಯಲ್ಲಿ ಹಣವೂ ಇದ್ದಿತು. ಆದರೂ ಕೋಣೆ ಕೈತಪ್ಪಿಹೋಯಿತು. ಇಲ್ಲಿ ಕೆಟ್ಟದ್ದು ಯಂತ್ರವಲ್ಲ. ಇಲ್ಲದೆ ಹೋದದ್ದು ಯಂತ್ರದ ವಿಷಯವಾದ ತಿಳಿವಳಿಕೆ. ಅದನ್ನು ಕೊಡದಿದ್ದುದರಲ್ಲಿ ಉಪಾಧ್ಯಾಯರಾದ ನಮ್ಮ ಪಾಲೂ ಇದೆಯೆಂದು ಒಪ್ಪಲೇಬೇಕು.

ವಿದ್ಯುತ್ಕಾಂತ ಅಲೆಗಳನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಜೇಬಿನಲ್ಲಿರುವ ಫೋನು ಅವುಗಳಿಂದ ಏನು ಮಾಡುತ್ತದೆಂಬುದನ್ನು ಮಾತ್ರ ಹೇಳುವುದಿಲ್ಲ. ಸಿಮ್ಮಿನೊಳಗೆ, ನಮ್ಮ ದೂರವಾಣಿ ಸಂಖ್ಯೆಯಿಂದ ಬೇರೆಯಾದ, ಸಾಮಾನ್ಯವಾಗಿ 15 ಅಂಕಿಗಳ ಒಂದು ಗುರುತು ಅಡಗಿದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ. ಭಾರತದ ಸಿಮ್ಮುಗಳಲ್ಲಿ ಅವು ಸಾಮಾನ್ಯವಾಗಿ 404 ಅಥವಾ 405. ಪರದೇಶದಲ್ಲಿ ಫೋನನ್ನು ತೆರೆದೊಡನೆ ಅಲ್ಲಿಯ ಕಂಪನಿಯು ತನ್ನ ಗೋಪುರದ ಮೂಲಕ ಈ ಗುರುತನ್ನು ತಿಳಿದುಕೊಂಡು, ಇವನು ನಿಮ್ಮವನೆ ಎಂದು ಭಾರತದ ಕಂಪನಿಯನ್ನು ಕೇಳುತ್ತದೆ. ಛತ್ರಕ್ಕೆ ಬಂದ ಅಪರಿಚಿತನನ್ನು ‘ಯಾವ ಊರು, ಯಾರ ಮನೆ’ ಎಂದು ವಿಚಾರಿಸಿ, ಮನೆಯವರ ಮಾತು ಬಂದ ಮೇಲೆ ಬಾಗಿಲು ತೆರೆದಂತೆ ಇದು. ರೋಮಿಂಗ್ ಎಂದರೆ ಇಷ್ಟೇ. ಹೊರಡುವ ಮುನ್ನ ಆ ಸೌಲಭ್ಯವನ್ನು ಪಡೆಯದವನ ಪಾಲಿಗೆ ಮನೆಯವರ ಮಾತು ಬರುವುದಿಲ್ಲ; ಬಾಗಿಲೂ ತೆರೆಯುವುದಿಲ್ಲ.

ಇನ್ನೊಂದು ಸೋಜಿಗವುಂಟು. ರೋಮಿಂಗ್‌ನಲ್ಲಿರುವ ಫೋನಿನ ಇಂಟರ್‌ನೆಟ್ ಸಾಮಾನ್ಯವಾಗಿ ತವರಿನ ಕಂಪನಿಯ ಮೂಲಕವೇ ಹಾಯುತ್ತದೆ. ಬರ್ಲಿನ್ನಿನಲ್ಲಿ ನಿಂತು ಬರ್ಲಿನ್ನಿನದೇ ಟ್ರಾಮಿನ ವೇಳೆಯನ್ನು ನೋಡಬಯಸಿದರೆ, ನಮ್ಮ ಪ್ರಶ್ನೆ ಭಾರತಕ್ಕೆ ಬಂದು ಮರಳಿ ಬರ್ಲಿನ್ನಿಗೆ ಹೋಗುತ್ತದೆ. ಉತ್ತರವೂ ಅದೇ ಹಾದಿಯನ್ನು ಹಿಡಿಯುತ್ತದೆ. ಬರ್ಲಿನ್ ಮುಂಬಯಿಗಳ ನಡುವೆ ನೇರವಾಗಿ ಸುಮಾರು 6,300 ಕಿಲೋಮೀಟರು. ನಾಲ್ಕು ಪಯಣಗಳಿಗೆ 25,000 ಕಿಲೋಮೀಟರಿಗೂ ಹೆಚ್ಚು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಭಾಗಿಸಿ ನೋಡಿದರೆ ಸೆಕೆಂಡಿನ ಎಂಟನೆಯ ಒಂದು ಪಾಲು ಹಾದಿಯಲ್ಲಿಯೇ ಕಳೆಯಿತು! ಅಲ್ಲಿಯ ಸಿಮ್ಮಿನಲ್ಲಿ ಈ ಸುತ್ತಾಟವಿಲ್ಲ. ವೆಚ್ಚವೂ ಬಹುಮಟ್ಟಿಗೆ ಕಡಿಮೆ. ಆದರೆ ರೋಮಿಂಗ್ ದುಬಾರಿಯಾಗಿರುವುದು ದೂರದಿಂದಲ್ಲ, ಕಂಪನಿಗಳ ಪರಸ್ಪರ ಒಪ್ಪಂದಗಳಿಂದ. ಐರೋಪ್ಯ ಒಕ್ಕೂಟವು 2017ರ ಜೂನ್ 15ರಿಂದ ತನ್ನ ಸದಸ್ಯ ದೇಶಗಳೊಳಗೆ ರೋಮಿಂಗ್‌ನ ಹೆಚ್ಚುವರಿ ದರವನ್ನು ತೆಗೆದುಹಾಕಿದುದೇ ಇದಕ್ಕೆ ಸಾಕ್ಷಿ.

ಈ ಸಂದೇಶಗಳೆಲ್ಲ ಆಕಾಶದಲ್ಲಿ ಹಾರಿಹೋಗುತ್ತವೆಂದು ಹಲವರ ನಂಬಿಕೆ. ಫೋನಿನಿಂದ ಗೋಪುರದವರೆಗೆ ಮಾತ್ರ ಅದು ನಿಜ. ಖಂಡದಿಂದ ಖಂಡಕ್ಕೆ ಬಹುಪಾಲು ಸಂದೇಶಗಳು ಸಮುದ್ರದ ತಳದ ಕೇಬಲ್ಲುಗಳಲ್ಲಿ ಸಾಗುತ್ತವೆ. 2008ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯಾ ಬಳಿ ಎರಡು ಕೇಬಲ್ಲುಗಳು ತುಂಡಾದಾಗ ಭಾರತದಲ್ಲಿ ಇಂಟರ್‌ನೆಟ್ ಕುಂಟಿತು, ಆದರೆ ನಿಲ್ಲಲಿಲ್ಲ. ಪೂರ್ವದಿಕ್ಕಿನ ಬೇರೆ ಕೇಬಲ್ಲುಗಳು ಹೊರೆಯ ಒಂದು ಪಾಲನ್ನು ಹೊತ್ತವು.

ನಾವು ಹೇಳಹೊರಟ ಮಾತು ಇದರಲ್ಲಿಯೇ ಇದೆ. ಸರಣಿ ಜೋಡಣೆಯಲ್ಲಿ ಒಂದು ದೀಪ ಕೆಟ್ಟರೆ ಎಲ್ಲವೂ ಆರುತ್ತವೆ. ಸಮಾಂತರ ಜೋಡಣೆಯಲ್ಲಿ ಉಳಿದವು ಉರಿಯುತ್ತಿರುತ್ತವೆ. ಪ್ರಯಾಣಿಕನ ಹಣ, ಟಿಕೆಟ್ಟು, ದಾರಿಯ ನಕ್ಷೆ, ಮನೆಯವರ ದೂರವಾಣಿ ಸಂಖ್ಯೆ, ಎಲ್ಲವೂ ಇಂದು ಒಂದೇ ಫೋನಿನ ಸರಣಿಯಲ್ಲಿವೆ. ಬ್ಯಾಟರಿ ಬರಿದಾದರೂ ಸಾಕು, ಅವನು ಪರದೇಶದ ಬೀದಿಯಲ್ಲಿ ದಿಕ್ಕುಗಾಣದೆ ನಿಲ್ಲುತ್ತಾನೆ. ಸಂಪರ್ಕವನ್ನು ಸಮಾಂತರವಾಗಿ ಜೋಡಿಸಿಕೊಳ್ಳುವುದು ವಿವೇಕ.

ಅದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ. ಎರಡು ಸಿಮ್ಮುಗಳ ಫೋನಿನಲ್ಲಿ ಭಾರತದ ಸಿಮ್ಮು ಒ.ಟಿ.ಪಿ.ಗಾಗಿ ಉಳಿಯಲಿ, ಅದರ ಇಂಟರ್‌ನೆಟ್ಟನ್ನು ಮಾತ್ರ ಆರಿಸಿಡತಕ್ಕದ್ದು. ಇಂಟರ್‌ನೆಟ್ಟಿಗೆ ಅಲ್ಲಿಯ ಸಿಮ್ಮಿರಲಿ. ಮುಖ್ಯ ಪತ್ರಗಳ ಪ್ರತಿಗಳು ಲ್ಯಾಪ್‌ಟಾಪಿನಲ್ಲಿಯೂ ಇರಲಿ. ನಾಲ್ಕು ದೂರವಾಣಿ ಸಂಖ್ಯೆಗಳನ್ನೂ ಇಳಿದುಕೊಳ್ಳುವ ವಿಳಾಸವನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಕಾಗದಕ್ಕೆ ಬ್ಯಾಟರಿ ಬೇಡ. ನಮ್ಮಲ್ಲಿ ವಿದ್ಯುತ್ತು 230 ವೋಲ್ಟು, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟು, 60 ಹರ್ಟ್ಸ್. ಚಾರ್ಜರಿನ ಮೇಲೆ 100ರಿಂದ 240 ವೋಲ್ಟು, 50ರಿಂದ 60 ಹರ್ಟ್ಸ್ ಎಂದು ಬರೆದಿದ್ದರೆ ಎರಡೆಡೆಯೂ ನಡೆಯುತ್ತದೆ, ಪ್ಲಗ್ಗಿನ ಆಕಾರವನ್ನು ಹೊಂದಿಸಿಕೊಂಡರಾಯಿತು. ಪವರ್ ಬ್ಯಾಂಕನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಒಯ್ಯಬೇಕೆಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಏಕೆ, ಹಿಂದಿನವರು ಹಡಗಿನಲ್ಲಿ ಹೋಗಿ ಬರಿಯ ಕಾಗದ ಬರೆಯುತ್ತಿರಲಿಲ್ಲವೆ ಎಂದು ಹಿರಿಯರು ಕೇಳಬಹುದು. ನಿಜ. ಆದರೆ ವಾರಗಟ್ಟಲೆಯ ಮೌನವನ್ನು ಅಂದಿನ ಮನೆಯವರು ಮೊದಲೇ ಬಲ್ಲರು. ಇಂದು ಅರ್ಧ ದಿನದ ಮೌನವೂ ತಾಯಿಯ ನಿದ್ದೆಯನ್ನು ಕೆಡಿಸುತ್ತದೆ. ಇದಕ್ಕೆ ಮದ್ದು ಎಡೆಬಿಡದ ಮಾತಲ್ಲ, ಗೊತ್ತಾದ ವೇಳೆ. ಜರ್ಮನಿಯ ಗಡಿಯಾರವು ಚಳಿಗಾಲದಲ್ಲಿ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ, ಬೇಸಗೆಯಲ್ಲಿ ಮೂರೂವರೆ ಗಂಟೆ ಹಿಂದಿರುತ್ತದೆ. ಅದನ್ನು ಲೆಕ್ಕ ಹಾಕಿ, ಇಬ್ಬರಿಗೂ ಅನುಕೂಲವಾದ ಹೊತ್ತೊಂದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡರೆ, ಉಳಿದ ಹೊತ್ತಿನ ಮೌನಕ್ಕೆ ಯಾರೂ ಅಂಜಬೇಕಾಗಿಲ್ಲ; ಹೋದವನೂ ತಾನು ಹೋದ ದೇಶವನ್ನು ಕಣ್ಣೆತ್ತಿ ನೋಡಬಹುದು.

ಮುಂದೆ ಪರದೇಶಕ್ಕೆ ಹೋಗಲಿರುವ ನಮ್ಮ ವಿದ್ಯಾರ್ಥಿಗಳು ಹೊರಡುವ ಹಿಂದಿನ ದಿನ ತಮ್ಮನ್ನು ಒಂದು ಪ್ರಶ್ನೆ ಕೇಳಿಕೊಳ್ಳಲಿ: ‘ಈ ಫೋನು ಈಗಲೇ ಕಳೆದುಹೋದರೆ ಮುಂದಿನ ಒಂದು ಗಂಟೆಯಲ್ಲಿ ನಾನು ಏನು ಮಾಡುವೆನು?’ ಇದಕ್ಕೆ ಉತ್ತರವುಳ್ಳವನು ಧೈರ್ಯವಾಗಿ ವಿಮಾನವನ್ನು ಹತ್ತಬಹುದು.