ಒಂದು ಸ್ಕ್ಯಾನ್ ಸಾಲದು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಮನೆಯ ಹಿರಿಯರು ಪರಿಚಿತ ಬೀದಿಯಲ್ಲೇ ದಾರಿ ತಪ್ಪಿದರೂ ಅದು ವಯಸ್ಸಿನ ಸಹಜ ಧರ್ಮವೆಂದು ಸುಮ್ಮನಾಗುತ್ತೇವೆ. ಆದರೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಇದು ಮುಪ್ಪಲ್ಲ, ಕಾಯಿಲೆ.

ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗ ಎಷ್ಟು ಕುಗ್ಗಿದೆ ಎಂಬುದನ್ನು ಎಂಆರ್‌ಐ ತೋರಿಸಬಲ್ಲದು. ಆದರೆ ವಯಸ್ಸಾದಂತೆ ಎಲ್ಲರ ಮಿದುಳೂ ಅಷ್ಟಿಷ್ಟು ಕುಗ್ಗುವುದರಿಂದ, ಒಂದೇ ಚಿತ್ರದಿಂದ ಕಾಯಿಲೆಯ ವೇಗ ತಿಳಿಯದು. ಒಂದೇ ವರ್ಷದ ಅಂಕಿಅಂಶದಿಂದ ಆರ್ಥಿಕ ಬೆಳವಣಿಗೆಯ ದರ ಹೇಳಲಾಗದಂತೆ ಇದೂ. ಅದೇ ವ್ಯಕ್ತಿಯನ್ನು ಕಾಲಾಂತರದಲ್ಲಿ, ಅದೇ ವಿಧಾನದಲ್ಲಿ, ನೆನಪಿನ ಪರೀಕ್ಷೆಯೊಂದಿಗೆ ಮತ್ತೆ ನೋಡಬೇಕು.

ವೈಟ್‌ಫೀಲ್ಡ್‌ನಿಂದ ಪೂರ್ವಕ್ಕೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಈ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಆರಂಭಿಸಿದ ಅಧ್ಯಯನಕ್ಕೆ, 45 ದಾಟಿದ 10,000 ಗ್ರಾಮಸ್ಥರನ್ನು ದೀರ್ಘಕಾಲ ಗಮನಿಸುವ ಗುರಿಯಿದೆ. ಮಿದುಳಿನ ಎಂಆರ್‌ಐಯೂ ಅದರ ಅಂಗ.

ಸಂಶೋಧನೆಯ ಮೂಲಕ ಹಳ್ಳಿಗರಿಗೆ ದೊರೆತ ಈ ಗಮನ ಪೀಣ್ಯದ ನಿವೃತ್ತ ಕಾರ್ಮಿಕನಿಗೂ ದೊರೆಯಬೇಡವೇ? ಸಾಲ ಮಾಡಿ ಒಮ್ಮೆ ಖಾಸಗಿ ಸ್ಕ್ಯಾನ್ ಮಾಡಿಸುವ ಕುಟುಂಬ ಎರಡನೆಯದಕ್ಕೆ ಹಣ ಹೊಂದಿಸುವುದು ಕಷ್ಟ. ಕನಿಷ್ಠ ಐದು ವರ್ಷ ವಿಮೆಗೊಳಪಟ್ಟು ವಯೋನಿವೃತ್ತನಾದ ಕಾರ್ಮಿಕ, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವನಿಗೂ ಪತ್ನಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ದಾರಿ ಇದೆ, ಅದನ್ನು ಡಿಮೆನ್ಷಿಯಾದವರೆಗೆ ವಿಸ್ತರಿಸಬೇಕು.

ಎಲ್ಲರಿಗೂ ಸ್ಕ್ಯಾನ್ ಬೇಡ, ಅದು ದುಂದುವೆಚ್ಚ. ಪೀಣ್ಯ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ನಿವೃತ್ತರಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲೇ ನೆನಪಿನ ಪರೀಕ್ಷೆ ನಡೆಯಲಿ. ಸಂದೇಹ ಕಂಡವರಿಗೆ ಇಎಸ್‌ಐ ಎಂಆರ್‌ಐ ಮಾಡಿಸಲಿ, ಚಿತ್ರಗಳನ್ನು ಕಾದಿಡಲಿ, ವೈದ್ಯರು ಅಗತ್ಯವೆಂದರೆ ಮರುಪರೀಕ್ಷೆಯ ವೆಚ್ಚವನ್ನೂ ಭರಿಸಲಿ. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ರಾಜ್ಯದ ಮಿದುಳು ಆರೋಗ್ಯ ಯೋಜನೆಯೊಡನೆ ಇದನ್ನು ಜೋಡಿಸಬಹುದು.

ಗುಣಪಡಿಸಲಾಗದ ಕಾಯಿಲೆಗೆ ಇಷ್ಟೊಂದು ಖರ್ಚೇಕೆ ಎಂದು ಕೇಳುವವರಿದ್ದಾರೆ. ಮಿದುಳಿನ ಹೊರಪದರದಲ್ಲಿ ರಕ್ತ ಹೆಪ್ಪುಗಟ್ಟಿಯೂ ಮರೆವು ಬರಬಹುದು. ಸ್ಕ್ಯಾನ್‌ನಲ್ಲಿ ಕಂಡರೆ ಅದಕ್ಕೆ ಚಿಕಿತ್ಸೆಯುಂಟು. ಉಳಿದವರಿಗೆ, ಕಾಯಿಲೆಯ ಗತಿ ತಿಳಿದರೆ ಸಿದ್ಧರಾಗಲು ಸಮಯ ಸಿಗುತ್ತದೆ: ರಾತ್ರಿ ಕಾವಲಿನ ಕೆಲಸ ಯಾವಾಗ ಬಿಡಿಸಬೇಕು, ಬ್ಯಾಂಕಿನ ವ್ಯವಹಾರ ಯಾರು ನೋಡಬೇಕು, ಹಗಲಲ್ಲಿ ಜೊತೆಗೆ ಯಾರಿರಬೇಕು ಎಂದು ಮನೆಯವರು ನಿರ್ಧರಿಸಬಹುದು. ದುಡಿದು ದಣಿದವರಿಗೆ ಇಷ್ಟು ಕಾಲಾವಕಾಶ ಒದಗಿಸುವುದು ಸಮಾಜದ ಋಣವೇ ಹೊರತು ದಾನವಲ್ಲ.