ಗಾಡಿ ಸೇರಿಸಿದರೆ ಸಾಲದು, ಅದರ ಕೆಲಸವನ್ನೂ ಸೇರಿಸಿ

ಲಾರಿ ಓಡಿಸುವ ಗೇಮ್ ಆಡುವ ಹುಡುಗರು ಸ್ವಲ್ಪ ದಿನ ಕಳೆಯುತ್ತಲೇ ಒಂದು ಪ್ರಶ್ನೆ ಎತ್ತುತ್ತಾರೆ. ಇದರಲ್ಲಿ ಬಸ್ ಯಾಕಿಲ್ಲ? ಟ್ರ್ಯಾಕ್ಟರ್ ಯಾಕಿಲ್ಲ? ಕಾರು, ಗೂಡ್ಸ್ ಆಟೋ, ಆಂಬುಲೆನ್ಸ್ ಯಾಕಿಲ್ಲ? ಕೇಳುವುದರಲ್ಲಿ ತಪ್ಪಿಲ್ಲ. ರಸ್ತೆ ಇದೆ, ಸಿಗ್ನಲ್ ಇದೆ, ಬಂಕ್ ಇದೆ, ಮಳೆ ಇದೆ. ಗಾಡಿ ಒಂದು ಬದಲಾಯಿಸಿದರೆ ಆಯ್ತಲ್ಲ ಅನ್ನಿಸುತ್ತದೆ.

ಅಷ್ಟಕ್ಕೇ ಆಗುವುದಿಲ್ಲ ಅನ್ನುವುದು ನಮ್ಮ ಮಾತು. ಬೇರೆ ಗಾಡಿಗಳು ಬರಲಿ, ಬರಲೇಬೇಕು. ಆದರೆ ಪ್ರತಿ ಗಾಡಿಯ ಜೊತೆ ಆ ಗಾಡಿಯ ಕೆಲಸವೂ ಬರಬೇಕು. ಬರೀ ಬಾಡಿ ತಂದು ನಿಲ್ಲಿಸಿದರೆ ಅದು ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಲಾರಿಗಿಂತ ಹೆಚ್ಚೇನೂ ಆಗುವುದಿಲ್ಲ.

ಈ ಮಾತು ಯಾಕೆ ಹೇಳುತ್ತಿದ್ದೇವೆ ಎಂದು ತಿಳಿಯಲು ಲಾರಿ ಗೇಮ್ ಗೆದ್ದದ್ದು ಹೇಗೆ ಎಂದು ನೋಡಬೇಕು. ಈ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಯೂರೋ ಟ್ರಕ್ ಸಿಮ್ಯುಲೇಟರ್ 2. ಚೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಕಂಪನಿ ಇದನ್ನು 2012ರಲ್ಲಿ ಬಿಡುಗಡೆ ಮಾಡಿತು. ಇದು ಕಂಪ್ಯೂಟರ್‌ನಲ್ಲಿ ಆಡುವ ಆಟ, ಮೊಬೈಲ್‌ನದ್ದಲ್ಲ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ರೇಸ್ ಇಲ್ಲ. ಆಟ ಶುರುವಾದಾಗ ನಿಮ್ಮ ಹತ್ತಿರ ಸ್ವಂತ ಲಾರಿಯೂ ಇರುವುದಿಲ್ಲ. ಬೇರೆಯವರ ಗಾಡಿಯಲ್ಲಿ ಬಾಡಿಗೆ ಹೊಡೆದು ದುಡ್ಡು ಕೂಡಿಸಬೇಕು, ಇಲ್ಲವೇ ಬ್ಯಾಂಕ್ ಸಾಲ ಮಾಡಿ ಲಾರಿ ತೆಗೆದುಕೊಳ್ಳಬೇಕು. ಸಿಗ್ನಲ್ ಹಾರಿಸಿದರೆ ದಂಡ. ಸ್ಪೀಡ್ ಮೀರಿದರೆ ದಂಡ. ಮಾಲು ಹಾಳಾದರೆ ಬಾಡಿಗೆಯಲ್ಲಿ ಕಡಿತ. ನಿದ್ದೆಗೆಟ್ಟು ಓಡಿಸಿದರೆ ಪರದೆ ಕಪ್ಪಾಗುತ್ತದೆ, ಮಲಗಲೇಬೇಕು. ಕೊನೆಗೆ ಗೋದಾಮಿಗೆ ಹೋದಾಗ ಉದ್ದನೆಯ ಟ್ರೇಲರನ್ನು ರಿವರ್ಸ್ ಹಾಕಿ ಗುರುತು ಮಾಡಿದ ಜಾಗದಲ್ಲಿ ನಿಲ್ಲಿಸಬೇಕು.

ಕೇಳಿದರೆ ಬೇಸರದ ಕೆಲಸ ಅನ್ನಿಸುತ್ತದೆ. ಆದರೆ ಇದೇ ಬೇಸರದ ಕೆಲಸವನ್ನು ಲಕ್ಷಾಂತರ ಜನ ಇಷ್ಟಪಟ್ಟು ಆಡಿದರು. ಯಾಕೆಂದರೆ ಆ ಆಟದಲ್ಲಿ ಲಾರಿ ಅಂದರೆ ಬಾಡಿಗೆ, ಗಡುವು, ಡೀಸೆಲ್, ನಿದ್ದೆ, ಸಾಲದ ಕಂತು. ಇಷ್ಟನ್ನೂ ತೆಗೆದು ಖಾಲಿ ಲಾರಿ ಮಾತ್ರ ಕೊಟ್ಟಿದ್ದರೆ ಎರಡನೇ ದಿನ ಯಾರೂ ಮುಟ್ಟುತ್ತಿರಲಿಲ್ಲ.

ಬೇರೆ ಗಾಡಿ ಬೇಕು ಎಂಬ ಬೇಡಿಕೆ ಈ ಆಟಕ್ಕೆ ಮೊದಲಿನಿಂದಲೂ ಇದೆ. ಕಂಪನಿಗೆ ಬಸ್ಸು ಹೊಸದೇನಲ್ಲ. 2007ರಲ್ಲೇ ಬಸ್ ಡ್ರೈವರ್ ಎಂಬ ಬೇರೆ ಗೇಮ್ ಮಾಡಿತ್ತು. ಈಗ ಯೂರೋ ಟ್ರಕ್‌ಗೂ ದೂರದೂರಿನ ಕೋಚ್ ಬಸ್ಸುಗಳನ್ನು ತರುವುದಾಗಿ ಹೇಳಿದೆ. ಕಂಪನಿ ಕೊಡುವವರೆಗೆ ಆಟಗಾರರು ಸುಮ್ಮನೆ ಕೂರಲಿಲ್ಲ. ತಾವೇ ಬಸ್ಸು, ಕಾರು ತಯಾರಿಸಿ ಒಳಗೆ ಸೇರಿಸಿಕೊಂಡರು. ಇದಕ್ಕೆ ಮಾಡ್ ಎನ್ನುತ್ತಾರೆ. ಅಂತಹ ಕೆಲವು ಬಸ್ ಮಾಡ್‌ಗಳಲ್ಲಿ ಒಂದು ತಮಾಷೆ ಇದೆ. ಆಟಕ್ಕೆ ಗೊತ್ತಿರುವುದು ಟ್ರೇಲರ್ ಎಳೆಯುವ ಕೆಲಸ ಮಾತ್ರ. ಹಾಗಾಗಿ ಬಸ್ಸಿನ ಹಿಂದೆ ಕಣ್ಣಿಗೆ ಕಾಣದ ಒಂದು ಟ್ರೇಲರ್ ಕಟ್ಟಿ, ಪ್ರಯಾಣಿಕರನ್ನು ಸರಕಿನ ಲೆಕ್ಕದಲ್ಲಿ ಸಾಗಿಸುತ್ತಾರೆ. ಜನ ಅಂದರೆ ಸಿಮೆಂಟ್ ಮೂಟೆಯ ಹಾಗೆ! ಮಾಡ್ ಮಾಡಿದವರ ಜಾಣತನವನ್ನು ಮೆಚ್ಚಬೇಕು. ಆದರೆ ಕೆಲಸ ಇಲ್ಲದೆ ಗಾಡಿ ಮಾತ್ರ ಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಹಳ್ಳಿಗಳಲ್ಲಿ ಆ ಗೇಮ್ ಆಡುವಷ್ಟು ದೊಡ್ಡ ಕಂಪ್ಯೂಟರ್ ಇರುವ ಮನೆ ಕಡಿಮೆ. ಇಲ್ಲಿ ಫೋನಿನಲ್ಲಿ ಓಡುವುದು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ, ಹುಡುಗರ ಬಾಯಲ್ಲಿ ಬಸ್ಸಿಡ್. ಇಂಡೋನೇಷ್ಯಾದ ಮಲೆಯೋ ಕಂಪನಿ 2017ರಲ್ಲಿ ಇದನ್ನು ಹೊರತಂದಿತು. ಆ ದೇಶದಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಾರೆ, ಸ್ಟೇರಿಂಗ್ ಬಲಕ್ಕಿರುತ್ತದೆ. ಬಣ್ಣ ನಾವೇ ಬದಲಾಯಿಸಬಹುದು, ಬೇರೆ ಗಾಡಿಯ ಮಾಡೆಲ್ ಕೂಡ ಹಾಕಬಹುದು. ಇಷ್ಟು ಸಾಕಾಯಿತು. ಇವತ್ತು ಯೂಟ್ಯೂಬ್‌ನಲ್ಲಿ ಹುಡುಕಿದರೆ ಕೆಎಸ್ಆರ್‌ಟಿಸಿ ಕೆಂಪು ಬಸ್ಸು, ಐರಾವತ, ಟಾಟಾ ಲಾರಿ, ಅಶೋಕ್ ಲೇಲ್ಯಾಂಡ್, ಮಹೀಂದ್ರ ಟ್ರ್ಯಾಕ್ಟರ್ ಎಲ್ಲವೂ ಇಂಡೋನೇಷ್ಯಾದ ರಸ್ತೆಯ ಮೇಲೆ ಓಡುತ್ತಿವೆ.

ಇದನ್ನು ಮಾಡುವ ಹುಡುಗರ ಬಗ್ಗೆ ನಮಗೆ ಗೌರವ ಇದೆ. ಬಸ್ಸಿನ ಮುಂದಿನ ಬೋರ್ಡ್ ಅಕ್ಷರ, ಹಿಂದಿನ ಏಣಿ, ಲಾರಿಯ ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಹಾರ್ನ್ ಸದ್ದು, ಎಲ್ಲವನ್ನೂ ನೋಡಿ ನೋಡಿ ತಿದ್ದಿರುತ್ತಾರೆ. ಯಾರೂ ಕಲಿಸದೆ ಕಲಿತ ವಿದ್ಯೆ ಅದು. ಕೊರತೆ ಇರುವುದು ಇನ್ನೊಂದು ಕಡೆ. ಆ ಆಟದ ಒಳಗಿರುವ ಕೆಲಸ ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಜನರನ್ನು ಒಯ್ಯುವುದು. ಅದಕ್ಕೆ ಲಾರಿಯ ಬಾಡಿ ಹಾಕಿದರೆ ಲೋಡ್ ಕೊಡುವವರಿಲ್ಲ. ಟ್ರ್ಯಾಕ್ಟರ್ ಹಾಕಿದರೆ ಹೊಲ ಇಲ್ಲ, ಗದ್ದೆ ಇಲ್ಲ. ಉಳಿಯುವುದು ಸ್ಪೀಡ್, ಹಾರ್ನ್, ಓವರ್‌ಟೇಕ್. ಹುಡುಗರು ವಿಡಿಯೋ ಮಾಡಿ ಹಾಕುವುದೂ ಅದನ್ನೇ.

ಹಾಗಾದರೆ ಯಾವ ಗಾಡಿಗೆ ಯಾವ ಕೆಲಸ ಬೇಕು?

ಮೊದಲು ಬಸ್ಸು. ನಮ್ಮ ಕೆಂಪು ಬಸ್ಸಿನ ಕೆಲಸದಲ್ಲಿ ಅರ್ಧ ಕಂಡಕ್ಟರ್‌ದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ದರ ಶೂನ್ಯವಾಯಿತು. ಹಣ ಕೊಡಬೇಕಿಲ್ಲ, ಆದರೂ ಪ್ರತಿಯೊಬ್ಬರಿಗೂ ಟಿಕೆಟ್ ಹರಿದು ಕೊಡಲೇಬೇಕು. ಬಸ್ಸು ತುಂಬಿದೆ, ಮುಂದಿನ ಸ್ಟಾಪ್ ಹತ್ತಿರ ಬಂತು, ಇನ್ನೂ ಇಪ್ಪತ್ತು ಜನರಿಗೆ ಟಿಕೆಟ್ ಆಗಿಲ್ಲ. ಡ್ರೈವರ್ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಟಿಕೆಟ್ ಮುಗಿಯುವವರೆಗೆ ಕಾಯಬೇಕೋ, ಟೈಮ್ ಹಿಡಿಯಬೇಕೋ? ಶಾಲೆ ಬಿಟ್ಟ ಮಕ್ಕಳು ಕೈ ಅಡ್ಡ ಹಾಕಿದ್ದಾರೆ, ಅಲ್ಲಿ ಸ್ಟಾಪ್ ಇಲ್ಲ, ನಿಲ್ಲಿಸಬೇಕೋ ಬೇಡವೋ? ಇದನ್ನು ಗೇಮ್‌ನಲ್ಲಿ ತಂದು ನೋಡಿ. ಯಾವ ರೇಸ್‌ಗೂ ಕಡಿಮೆಯಿಲ್ಲದ ಆಟ ಆಗುತ್ತದೆ. ಬಸ್ ನಿಲ್ಲಿಸದೆ ಹೋದ ಎಂದು ಡ್ರೈವರ್‌ಗೆ ಬೈಯುವ ನಮಗೂ ಆ ಸೀಟಿನ ಕಷ್ಟ ಸ್ವಲ್ಪ ತಿಳಿಯುತ್ತದೆ.

ಎರಡನೆಯದು ಟ್ರ್ಯಾಕ್ಟರ್. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಬರಬೇಕಾದ ಗಾಡಿ ಇದೇ.

ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾದರೆ ರಸ್ತೆ ತುಂಬ ಟ್ರ್ಯಾಕ್ಟರ್. ಒಂದು ಇಂಜಿನ್, ಹಿಂದೆ ಎರಡು ಟ್ರೇಲರ್, ಅದರ ಮೇಲೆ ಆಚೀಚೆ ಚಾಚಿದ ಕಬ್ಬಿನ ಹೊರೆ, ಜೋರಾಗಿ ಹಾಡು. ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಬ್ರೇಕ್ ಹಿಡಿದರೆ ಹಿಂದಿನ ಭಾರ ಮುಂದಕ್ಕೆ ತಳ್ಳುತ್ತದೆ. ಏರು ಹತ್ತುವಾಗ ಅದೇ ಭಾರ ಹಿಂದಕ್ಕೆ ಜಗ್ಗಿ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಗಾಲಿ ಎದ್ದ ಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಎರಡು ಟ್ರೇಲರ್ ಕಟ್ಟಿ ರಿವರ್ಸ್ ಹಾಕುವುದು ಪಳಗಿದ ಕೈಗೂ ಸಲೀಸಲ್ಲ. ಫ್ಯಾಕ್ಟರಿ ಮುಂದೆ ಪಾಳಿ ಹಚ್ಚಿ ಗಂಟೆಗಟ್ಟಲೆ ಕಾಯಬೇಕು, ರಾತ್ರಿ ಅಲ್ಲೇ ಕಳೆಯಬೇಕು. ಕೂಲಿ ಲೆಕ್ಕ ಟನ್ ಮೇಲೆ, ಹಾಗಾಗಿ ಹೊರೆ ಕಡಿಮೆ ಮಾಡುವ ಮನಸ್ಸು ಯಾರಿಗೂ ಬರುವುದಿಲ್ಲ.

ನಾವು ಜಿಲ್ಲೆಯಿಂದ ಸುದ್ದಿ ಕಳಿಸುವವರು. ಈ ಹಂಗಾಮಿನಲ್ಲಿ ನಾವು ಮತ್ತೆ ಮತ್ತೆ ಬರೆಯುವ ಸುದ್ದಿ ಒಂದೇ: ಕತ್ತಲಲ್ಲಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಬೈಕ್ ಡಿಕ್ಕಿ, ಸವಾರ ಸಾವು. ಟ್ರೇಲರ್‌ಗೆ ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಇದ್ದರೂ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿದೆ. ಹೆಸರು, ಊರು ಬದಲಾಗುತ್ತದೆ, ಉಳಿದ ಸಾಲು ಹಾಗೇ ಇರುತ್ತದೆ.

ಈಗ ಯೋಚಿಸಿ. ಒಂದು ಗೇಮ್‌ನಲ್ಲಿ ನೀವು ಇದೇ ಟ್ರ್ಯಾಕ್ಟರ್ ಓಡಿಸುತ್ತೀರಿ. ಹೊರಡುವ ಮೊದಲು ರಿಫ್ಲೆಕ್ಟರ್ ಅಂಟಿಸಿದಿರಾ, ಎಷ್ಟು ಟನ್ ಹೇರಿದಿರಿ, ಕೆಟ್ಟು ನಿಂತಾಗ ಹಿಂದೆ ಕಲ್ಲು ಇಟ್ಟು ಬಿಟ್ಟಿರಾ ಅಥವಾ ದೀಪ ಹಚ್ಚಿದಿರಾ, ಎಲ್ಲದಕ್ಕೂ ಲೆಕ್ಕ ಇದೆ. ಹೆಚ್ಚು ಹೇರಿದರೆ ದುಡ್ಡು ಹೆಚ್ಚು, ಆದರೆ ಏರಿನಲ್ಲಿ ಮುಂದಿನ ಗಾಲಿ ಏಳುತ್ತದೆ. ಇಂತಹ ಆಟವನ್ನು ಹತ್ತು ಸಲ ಆಡಿದ ಹುಡುಗ ನಿಜವಾದ ಟ್ರೇಲರ್ ಕಂಡಾಗ ಅದರ ಹಿಂಬದಿಯನ್ನೊಮ್ಮೆ ನೋಡದೆ ಇರುವುದಿಲ್ಲ.

ಇದು ಆಗದ ಮಾತೇನಲ್ಲ. ಯೂರೋ ಟ್ರಕ್‌ನಲ್ಲಿ ಸ್ವೀಡನ್, ಫಿನ್ಲೆಂಡ್ ರಸ್ತೆಗಳಲ್ಲಿ ಎರಡು ಟ್ರೇಲರ್ ಎಳೆಯುವ ಲಾರಿಗಳು ಆಗಲೇ ಇವೆ. ಸ್ವಿಟ್ಜರ್ಲೆಂಡ್‌ನ ಜೈಂಟ್ಸ್ ಕಂಪನಿಯ ಫಾರ್ಮಿಂಗ್ ಸಿಮ್ಯುಲೇಟರ್ ಗೇಮ್‌ಗೆ 2017ರಲ್ಲೇ ಕಬ್ಬು ಬಂದಿದೆ. ಆದರೆ ಅದು ದಕ್ಷಿಣ ಅಮೆರಿಕದ ಮಾದರಿಯ ಹೊಲ, ದೊಡ್ಡ ಯಂತ್ರ ಬಂದು ಕಟಾವು ಮಾಡಿ ಹೋಗುತ್ತದೆ. ನಮ್ಮಲ್ಲಿ ಕುಡುಗೋಲು ಹಿಡಿದು, ಕೂಸನ್ನು ಬದುವಿನ ಮೇಲೆ ಮಲಗಿಸಿ ಕಬ್ಬು ಕಡಿಯುವ ಗ್ಯಾಂಗ್ ಅದರಲ್ಲಿಲ್ಲ. ಎರಡು ಟ್ರೇಲರ್ ಒಂದು ಆಟದಲ್ಲಿದೆ, ಕಬ್ಬು ಇನ್ನೊಂದರಲ್ಲಿದೆ. ಎರಡನ್ನೂ ಸೇರಿಸಿ ನಮ್ಮ ರಸ್ತೆಗೆ ತರುವವರು ಬೇಕಾಗಿದ್ದಾರೆ, ಅಷ್ಟೇ.

ಆಂಬುಲೆನ್ಸ್ ಬಗ್ಗೆ ಒಂದೇ ಮಾತು. ಸೈರನ್ ಹಾಕಿ ಎಲ್ಲರನ್ನೂ ಹಿಂದೆ ಹಾಕುವ ಗೇಮ್ ಮಾಡುವುದು ಸುಲಭ. ಆದರೆ ನಮ್ಮ 108ರ ಕೆಲಸ ಮನೆ ಹುಡುಕುವುದರಿಂದ ಶುರುವಾಗುತ್ತದೆ. ತುಂಬು ಗರ್ಭಿಣಿ ಒಳಗಿರುವಾಗ ಹಂಪ್ ಹತ್ತಿರ ಎಷ್ಟು ನಿಧಾನ ಮಾಡಬೇಕು, ಡಾಂಬರು ರಸ್ತೆಯಲ್ಲಿ ಎಷ್ಟು ಬೇಗ ಹೋಗಬೇಕು, ಇದೇ ಆ ಡ್ರೈವರ್‌ನ ಕಸುಬು. ಸ್ಪೀಡ್‌ಗೆ ಮಾತ್ರ ಪಾಯಿಂಟ್ ಕೊಡುವ ಆಂಬುಲೆನ್ಸ್ ಬರುವುದಾದರೆ ಬಾರದಿರುವುದೇ ಒಳ್ಳೆಯದು.

ಕೆಲವರು ಹೇಳುತ್ತಾರೆ, ಲಾರಿ ಗೇಮ್ ಲಾರಿ ಗೇಮ್ ಆಗಿಯೇ ಇರಲಿ, ಎಲ್ಲವನ್ನೂ ತುರುಕಿದರೆ ಯಾವುದೂ ಸರಿಯಾಗಿ ಆಗುವುದಿಲ್ಲ. ಈ ಮಾತಿನಲ್ಲಿ ಸತ್ಯ ಇದೆ. ಐದು ಗಾಡಿ ಅರೆಬರೆ ಮಾಡುವ ಬದಲು ಒಂದನ್ನು ಪೂರ್ತಿ ಮಾಡುವುದು ಮೇಲು. ಇನ್ನು ಕೆಲವರು, ಆಟ ಅಂದರೆ ಆಟ, ಮಕ್ಕಳು ಖುಷಿಗೆ ಆಡುತ್ತಾರೆ, ಅದರಲ್ಲಿ ಪಾಠ ಯಾಕೆ ಎನ್ನುತ್ತಾರೆ. ನಾವು ಪಾಠ ಕೇಳುತ್ತಿಲ್ಲ. ರಿವರ್ಸ್ ಹಾಕುವ ಕಷ್ಟವೇ ಲಾರಿ ಗೇಮ್‌ನ ಖುಷಿ ಆಯಿತು. ಬಸ್ಸಿಗೂ ಟ್ರ್ಯಾಕ್ಟರ್‌ಗೂ ಅಂಥದೇ ಖುಷಿ ಅವುಗಳ ಕೆಲಸದಲ್ಲೇ ಇದೆ ಎಂದಷ್ಟೇ ಹೇಳುತ್ತಿದ್ದೇವೆ.

ನಮ್ಮ ಹಳ್ಳಿಗಳಿಗೆ ಇದು ಬರೀ ಆಟದ ಪ್ರಶ್ನೆಯಾಗಿಲ್ಲ. ಈ ಗೇಮ್ ಆಡುವ ಹದಿನಾಲ್ಕರ ಹುಡುಗ ನಾಳೆ ಅಪ್ಪನ ಟ್ರ್ಯಾಕ್ಟರ್ ಹತ್ತುತ್ತಾನೆ. ಕಾನೂನಿನ ಪ್ರಕಾರ 18 ತುಂಬುವ ತನಕ ಟ್ರ್ಯಾಕ್ಟರನ್ನು ರಸ್ತೆಗೆ ಇಳಿಸುವಂತಿಲ್ಲ. ಬಾಡಿಗೆಗೆ ಓಡುವ ಲಾರಿ, ಬಸ್ಸಿಗೆ 20 ತುಂಬಿರಬೇಕು. ಊರಲ್ಲಿ ಇದನ್ನು ಎಷ್ಟು ಜನ ಪಾಲಿಸುತ್ತಾರೆ ಎಂದು ನಿಮಗೇ ಗೊತ್ತು. ಬರೀ ಸ್ಪೀಡ್ ಮತ್ತು ಹಾರ್ನ್ ಇರುವ ಆಟ ಅವನ ಕೈಗೆ ಸ್ಪೀಡ್ ಮತ್ತು ಹಾರ್ನ್ ಅನ್ನೇ ಕಲಿಸುತ್ತದೆ.

ಇನ್ನೊಂದು ಮಾತು ಡ್ರೈವರ್‌ಗಳ ಬದುಕಿಗೆ ಸೇರಿದ್ದು. ಯುರೋಪಿನಲ್ಲಿ ಲಾರಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ಗಾಡಿಯಲ್ಲೇ ಇರುವ ಯಂತ್ರ ಅದನ್ನು ದಾಖಲಿಸುತ್ತದೆ. ಗೇಮ್‌ನಲ್ಲಿ ನಿದ್ದೆ ಬಂದದ್ದು ಆ ಬದುಕಿನಿಂದಲೇ. ನಮ್ಮಲ್ಲೂ 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ಯಾವ ಢಾಬಾದಲ್ಲಿ ಬೇಕಾದರೂ ಹೋಗಿ ಲಾರಿ ಡ್ರೈವರ್‌ನನ್ನು ಕೇಳಿ, ಎಷ್ಟು ಗಂಟೆಯಿಂದ ಸ್ಟೇರಿಂಗ್ ಹಿಡಿದಿದ್ದಾನೆ ಎಂದು. ಕ್ಯಾಬಿನ್‌ಗೆ ಎಸಿ ಕಡ್ಡಾಯ ಎಂಬ ನಿಯಮ ಬಂದದ್ದೇ 2025ರ ಅಕ್ಟೋಬರ್ 1ರಿಂದ, ಅದೂ ಹೊಸದಾಗಿ ತಯಾರಾಗುವ ಲಾರಿಗಳಿಗೆ. ನಮ್ಮ ಲಾರಿಯನ್ನು ಗೇಮ್‌ಗೆ ತರುವವರು ಈ ಸೆಕೆ, ಈ ನಿದ್ದೆಗೇಡು, ಚೆಕ್‌ಪೋಸ್ಟ್ ಕಾಯುವಿಕೆ ಎಲ್ಲವನ್ನೂ ತರಲಿ. ನಮ್ಮ ಮನೆಗೆ ಬರುವ ಅಕ್ಕಿ, ಗೊಬ್ಬರ, ಸಿಲಿಂಡರ್ ಹೇಗೆ ಬಂತು ಎಂದು ಮಕ್ಕಳಿಗೆ ಗೊತ್ತಾಗಲಿ.

ಮಾಡ್ ಮಾಡುವ ಹುಡುಗರಿಗೆ ನಮ್ಮದೊಂದು ಕೋರಿಕೆ. ಮುಂದಿನ ಗಾಡಿಗೆ ಬಣ್ಣ ಬಳಿಯುವ ಮೊದಲು ಆ ಗಾಡಿ ಓಡಿಸುವವನ ಪಕ್ಕ ಒಂದು ದಿನ ಕೂತು ಬನ್ನಿ. ಏನೇನು ಮಾಡಿದ, ಎಲ್ಲಿ ಬೈದ, ಎಲ್ಲಿ ಹೆದರಿದ ಎಂದು ಬರೆದುಕೊಳ್ಳಿ. ಫೋನಿನ ಗೇಮ್‌ನಲ್ಲಿ ಎಲ್ಲವನ್ನೂ ತರಲು ಆಗದು. ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿಯೇ ಮಾಡೆಲ್ ಬಿಡಲು ಮಾತ್ರ ಇವತ್ತೇ ಆಗುತ್ತದೆ.

ಆಡುವವರಿಗೂ ಒಂದು ಎಚ್ಚರಿಕೆ. ಮಾಡ್ ಎಂದರೆ ಗೇಮ್ ಒಳಗೆ ಸೇರಿಸುವ ಒಂದು ಫೈಲ್. ಮಾಡ್ ಬೇಕಾದರೆ ಈ ಆ್ಯಪ್ ಹಾಕಿಕೊಳ್ಳಿ, ಮೆಸೇಜ್ ಓದಲು ಅನುಮತಿ ಕೊಡಿ ಎಂದು ಯಾವುದಾದರೂ ಸೈಟ್ ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಗೇಮ್ ಆಡುವ ಫೋನಿನಲ್ಲೇ ಅಪ್ಪನ ಬ್ಯಾಂಕಿನ ಒಟಿಪಿ ಬರುತ್ತದೆ ಎಂಬುದು ನೆನಪಿರಲಿ.

ಈ ಹಂಗಾಮಿನಲ್ಲಿ ನಿಮ್ಮೂರ ರಸ್ತೆಯಲ್ಲಿ ಟ್ರ್ಯಾಕ್ಟರ್ ಕಂಡರೆ, ಗೇಮ್ ಬರುವ ತನಕ ಕಾಯಬೇಡಿ. ಹಿಂದೆ ರಿಫ್ಲೆಕ್ಟರ್ ಇದೆಯೇ ನೋಡಿ. ಇಲ್ಲದಿದ್ದರೆ ಡ್ರೈವರ್‌ಗೆ ಹೇಳಿ. ರಿಫ್ಲೆಕ್ಟರ್ ಟೇಪಿಗೆ ದೊಡ್ಡ ದುಡ್ಡೇನೂ ಆಗುವುದಿಲ್ಲ.